ಹಿಮದ ಮೇಲಿನ ಕರಿ ಚುಕ್ಕೆ

ಮರುಭೂಮಿಯ ಅಂಚಿನ ನಮ್ಮ ಐನ್ ಸೆಫ್ರಾದಲ್ಲಿ ಒಂದು ಮದುವೆಗೆ ಮೂರು ಜನ ಬೇಕೇ ಬೇಕು ಎಂದು ಹೆಂಗಸರು ಹೇಳುತ್ತಾರೆ: ಗಂಡು, ಹೆಣ್ಣು, ಮೀಮೂನಾ. ಗಂಡು ತಡವಾಗಿ ಬಂದರೂ ನಡೆದೀತು. ಮೀಮೂನಾ ತಡಮಾಡಿದರೆ ಮದುಮಗಳ ತಾಯಿ ತಲೆಯ ಮೇಲೆ ಕೈ ಹೊತ್ತು ಕೂರುತ್ತಾಳೆ. ಹೆಂಗಸರ ಕೋಣೆಯೊಳಗೆ ಕ್ಯಾಮೆರಾ ಹಿಡಿದು ಬರಬಲ್ಲವಳು ಊರಿಗೆಲ್ಲ ಇವಳೊಬ್ಬಳೇ.

ಅವಳ ತಂದೆಗೆ ಪೇಟೆಯಲ್ಲಿ ಒಂದು ಸಣ್ಣ ಸ್ಟುಡಿಯೊ ಇತ್ತು. ಗುರುತಿನ ಚೀಟಿಗೆ, ಪಿಂಚಣಿ ಕಾಗದಕ್ಕೆ, ಸೈನ್ಯ ಸೇರುವವರಿಗೆ ಅವನು ಫೋಟೊ ತೆಗೆದುಕೊಡುತ್ತಿದ್ದ. ಸರ್ಕಾರಿ ಕಾಗದಕ್ಕೆ ಹೆಂಗಸರ ಮುಖವೂ ಬೇಕು ಅಂದಾಗ ಬಂತು ಫಜೀತಿ. ಪರಗಂಡಸಿನ ಎದುರು ಮುಸುಕು ತೆಗೆದು ಕೂರಲು ಒಬ್ಬಳೂ ಒಪ್ಪಲಿಲ್ಲ. ಆಗ ತಂದೆ ಹದಿನಾಲ್ಕು ವರ್ಷದ ಮೀಮೂನಾಳನ್ನು ಮಣೆಯ ಮೇಲೆ ಹತ್ತಿಸಿ ಕ್ಯಾಮೆರಾದ ಹಿಂದೆ ನಿಲ್ಲಿಸಿ, ತಾನು ಹೊರಗೆ ಹೊಸಿಲ ಮೇಲೆ ಬೆನ್ನು ತಿರುಗಿಸಿ ಕೂತ. ಅಂದು ಕ್ಯಾಮೆರಾದ ಹಿಂದೆ ಹೋದವಳು ಮತ್ತೆ ಮುಂದೆ ಬರಲೇ ಇಲ್ಲ. ಈಗ ಐವತ್ತೊಂದು. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದವರಿಗೆ, ಸಾವಿರ ಮದುವೆ ಉಂಡಾಯ್ತು, ಹೊಟ್ಟೆ ತುಂಬಿದೆ ಅನ್ನುತ್ತಾಳೆ. ಕೇಳಿದವರು ನಗುತ್ತಾರೆ, ಅವಳು ನಗುವುದಿಲ್ಲ.

ಹೆಂಗಸರ ಕೋಣೆಗೆ ಅದರದೇ ಕಟ್ಟಳೆ ಇದೆ. ಬಾಗಿಲಲ್ಲಿ ಒಂದು ಬುಟ್ಟಿ. ಒಳಗೆ ಬರುವವರೆಲ್ಲ ಮೊಬೈಲನ್ನು ಅದರಲ್ಲಿ ಹಾಕಿಯೇ ಬರಬೇಕು, ಮಂತ್ರಿಯ ಹೆಂಡತಿಯಾದರೂ ಅಷ್ಟೆ. ಒಳಗೆ ತಲೆವಸ್ತ್ರ ಬಿಚ್ಚಿ, ಕೂದಲು ಹರಡಿಕೊಂಡು, ತೋಳಿಲ್ಲದ ಜರಿಯ ಉಡುಪಿನಲ್ಲಿ ಬೆವರು ಹರಿಯುವವರೆಗೂ ಕುಣಿಯುತ್ತಾರೆ. ಅಲ್ಲಿರುವ ಹೊರಗಿನ ಕಣ್ಣು ಒಂದೇ, ಮೀಮೂನಾಳದು. ಎಲ್ಲ ಮುಗಿದ ಮೇಲೆ ಅವಳು ಎಲ್ಲರೆದುರೇ ಕ್ಯಾಮೆರಾದಿಂದ ಫೋಟೊಗಳಿರುವ ಕಾರ್ಡು ತೆಗೆದು ತನ್ನ ತಲೆವಸ್ತ್ರದ ತುದಿಗೆ ಗಂಟು ಹಾಕಿಕೊಳ್ಳುತ್ತಾಳೆ, ನಮ್ಮ ಅಜ್ಜಿಯರು ಬೀಗದ ಕೈ ಕಟ್ಟಿಕೊಳ್ಳುತ್ತಿದ್ದ ಹಾಗೆ. ಆ ಗಂಟು ಬಿಚ್ಚುವುದು ಮದುಮಗಳ ತಾಯಿಯ ಎದುರಿಗೇ. ಕೊಡುವಾಗ ಒಂದು ಮಾತು ಹೇಳಬೇಕು: "ನನ್ನ ಕೈ, ನಿನ್ನ ಕೈ. ನಡುವೆ ಮೂರನೆಯದಿಲ್ಲ, ದೇವರು ಸಾಕ್ಷಿ."

ಅವಳು ಕಾರ್ಡನ್ನು ಕಂಪ್ಯೂಟರಿಗೆ ತೋರಿಸುವುದೂ ಇಲ್ಲ. ನಕಲು ಇಡುವುದಿಲ್ಲ. ಕೆಲವು ವರ್ಷದ ಹಿಂದೆ ದೂರದ ಒಂದು ಊರಿನಲ್ಲಿ ರಿಪೇರಿಗೆ ಕೊಟ್ಟ ಕಂಪ್ಯೂಟರಿನೊಳಗೆ ಒಂದು ಮದುವೆಯ ಫೋಟೊಗಳು ಉಳಿದುಬಿಟ್ಟಿದ್ದವು. ವಾರದೊಳಗೆ ಗಂಡಸರ ಮೊಬೈಲಿನಲ್ಲೆಲ್ಲ ಅವೇ. ಒಂದು ಹುಡುಗಿಯ ನಿಶ್ಚಿತಾರ್ಥ ಮುರಿಯಿತು, ಇನ್ನೊಬ್ಬಳನ್ನು ಅಣ್ಣಂದಿರು ಕಾಲೇಜು ಬಿಡಿಸಿದರು. ಅದನ್ನು ಕೇಳಿದ ದಿನದಿಂದ ಮೀಮೂನಾಳ ನೇಮ ಇನ್ನೂ ಬಿಗಿಯಾಯಿತು.

ಆ ಜನವರಿಯಲ್ಲಿ ಹಾಜ್ಜಾ ಬಖ್ತಾಳ ಮಗಳು ನೂರಿಯಾಳ ಮದುವೆ. ಬಖ್ತಾ ಹಜ್ ಯಾತ್ರೆ ಮಾಡಿಬಂದವಳು, ಅದಕ್ಕೇ ಹಾಜ್ಜಾ. ಬೆಶಾರಿನಿಂದ ಗಂಡಿನ ಕಡೆಯವರು ಎರಡು ಬಸ್ಸಿನಲ್ಲಿ ಬಂದಿದ್ದರು. ಮದುಮಗಳನ್ನು ಊರಲ್ಲೇ ಗಂಡಿನವರು ಹಿಡಿದಿದ್ದ ಬಿಡಾರಕ್ಕೆ ಕಳಿಸಿಕೊಟ್ಟ ಮೇಲೆ ಬಖ್ತಾ ಮೀಮೂನಾಳನ್ನು ಪಕ್ಕಕ್ಕೆ ಕರೆದು, ನನ್ನ ಮನೆಯಲ್ಲಿ ಕೋಣೆಕೋಣೆಗೂ ನೆಂಟರ ಗಂಡುಮಕ್ಕಳು ಮಲಗಿದ್ದಾರೆ, ಇದನ್ನ ಎಲ್ಲಿ ಬಚ್ಚಿಡಲಿ, ನಿನ್ನ ಹತ್ತಿರವೇ ಇರಲಿ, ನಾಳೆ ಮಧ್ಯಾಹ್ನದ ನಮಾಜು ಮುಗಿದ ಮೇಲೆ ತಾ ಅಂದಳು. ಮೀಮೂನಾಳ ಇಷ್ಟು ವರ್ಷದ ಕಸುಬಿನಲ್ಲಿ ಕಾರ್ಡು ಅವಳ ಬಳಿ ಉಳಿದದ್ದು ಅದೇ ಮೊದಲು.

ಬೆಳಿಗ್ಗೆ ಎದ್ದರೆ ಹೂಜಿಯ ನೀರು ಗಟ್ಟಿಯಾಗಿತ್ತು. ನಲ್ಲಿ ತಿರುಗಿಸಿದರೆ ಗೊರ್ ಎಂಬ ಸದ್ದೂ ಇಲ್ಲ. ನಮ್ಮಲ್ಲಿ ಚಳಿ ಹೊಸದಲ್ಲ, ಆದರೆ ಇದು ಮೂಳೆಯೊಳಗೆ ಕೈ ಹಾಕುವ ಚಳಿ. ಅವಳು ಬೂದು ಬಣ್ಣದ ತಲೆವಸ್ತ್ರ ಸುತ್ತಿಕೊಂಡು, ಮಲಗುವಾಗ ದಿಂಬಿನಡಿ ಇಟ್ಟಿದ್ದ ಕಾರ್ಡನ್ನು ಮತ್ತೆ ಅದರ ತುದಿಗೆ ಗಂಟು ಹಾಕಿದಳು. ಬೆರಳು ಮರಗಟ್ಟಿದ್ದವು. ಗಂಟು ಬಿದ್ದಿತೆಂದು ಅವಳು ನಂಬಿದಳು, ಅಷ್ಟೇ.

ಬಾಗಿಲು ತೆಗೆದವಳು ಅಲ್ಲೇ ನಿಂತಳು.

ಒಣಹೊಳೆಯ ಆಚೆ, ಊರಿನ ಬೆನ್ನಿಗೆ ಇರುವ ಮರಳುದಿಬ್ಬಗಳ ಮೇಲೆ ಹಿಮ ಬಿದ್ದಿತ್ತು. ಹಿಮವನ್ನು ಅವಳು ಹಿಂದೆ ಎರಡು ಸಲ ನೋಡಿದ್ದಳು. ಎರಡೂ ಸಲ ಮೋಡ ಕವಿದು, ಮಣ್ಣು ಕಲಸಿ, ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ರೊಜ್ಜು. ಇವತ್ತು ಹಾಗಲ್ಲ. ಆಕಾಶದಲ್ಲಿ ಹತ್ತಿಯಷ್ಟು ಮೋಡವಿಲ್ಲ. ಬಿಸಿಲು ಸುರಿಯುತ್ತಿದೆ, ಕಾವು ಮಾತ್ರ ಕಾಸಿನಷ್ಟೂ ಇಲ್ಲ. ದಿಬ್ಬದ ಒಂದು ಮೈ ಬೆಳ್ಳಗೆ, ಗಾಳಿ ಉಜ್ಜಿದ ಇನ್ನೊಂದು ಮೈ ಹಸಿ ಅರಿಶಿನದ ಬಣ್ಣ, ನಡುವೆ ನೆತ್ತಿಯ ಏಣು ಕತ್ತಿಯ ಅಲಗಿನ ಹಾಗೆ ಹೋಗಿತ್ತು. ನೆರಳುಗಳು ಕಪ್ಪಾಗಿರಲಿಲ್ಲ, ನೀಲಿಯಾಗಿದ್ದವು.

ಮೂವತ್ತೇಳು ವರ್ಷ ಫೋಟೊ ತೆಗೆದಿದ್ದಳಲ್ಲ, ಅದರಲ್ಲಿ ಒಂದಾದರೂ ತನಗಾಗಿ ತೆಗೆದದ್ದಿರಲಿಲ್ಲ. ಅದು ಅವಳಿಗೆ ಹೊಳೆದದ್ದು ಆ ಹೊಸಿಲ ಮೇಲೆ. ಮಧ್ಯಾಹ್ನಕ್ಕೆ ಇನ್ನೂ ಹೊತ್ತಿದೆ, ಒಂದು ಗಂಟೆ ನನ್ನದು ಅಂದುಕೊಂಡು, ಕ್ಯಾಮೆರಾಗೆ ಬೇರೆ ಕಾರ್ಡು ಹಾಕಿ, ಚಹಾ ಕೂಡ ಕುಡಿಯದೆ ಹೊಳೆ ದಾಟಿದಳು.

ದಿಬ್ಬದ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ಚಳಿಗೆ ಬ್ಯಾಟರಿ ಎರಡು ನಿಮಿಷಕ್ಕೊಮ್ಮೆ ಸಾಯುತ್ತಿತ್ತು. ಅವಳು ಅದನ್ನು ಕಿತ್ತು ಕಂಕುಳಲ್ಲಿ ಇಟ್ಟುಕೊಂಡು, ನೂರು ಎಣಿಸಿ, ಮತ್ತೆ ಹಾಕಿ, ಒಂದು ಫೋಟೊ ತೆಗೆದು, ಮತ್ತೆ ಕಿತ್ತು ಕಂಕುಳಿಗೆ. ಹೀಗಾಗಿ ಒಂದೊಂದು ಫೋಟೊಗೂ ಮೊದಲು ನೂರು ಎಣಿಕೆ ನೋಡುತ್ತ ನಿಲ್ಲಬೇಕಾಯಿತು. ಮದುವೆಮನೆಯಲ್ಲಿ ಯಾರು ಅವಳಿಗೆ ಅಷ್ಟು ಹೊತ್ತು ಕೊಟ್ಟಿದ್ದರು? ಇನ್ನೊಂದು ತೊಂದರೆಯೆಂದರೆ, ಹಿಮದ ಮೇಲಿನ ಬಿಸಿಲು ಕಣ್ಣು ಕುಕ್ಕಿ ಕ್ಯಾಮೆರಾದ ಪರದೆ ಕಾಣುತ್ತಿರಲಿಲ್ಲ. ಸುತ್ತ ನೋಡಿದಳು, ಯಾರೂ ಇಲ್ಲ. ತಲೆವಸ್ತ್ರ ಬಿಚ್ಚಿ, ಒಳಗಿನ ಉಣ್ಣೆಯ ಟೋಪಿಯ ಮೇಲೆ ಗುಡಾರದ ಹಾಗೆ ಎಳೆದುಕೊಂಡು, ಅದರ ಕತ್ತಲೆಯಲ್ಲಿ ಪರದೆ ನೋಡಿದಳು. ಹಿಂದಿನ ಕಾಲದಲ್ಲಿ ಅವಳ ತಂದೆ ಕರಿ ಬಟ್ಟೆ ಹೊದ್ದು ಹಾಗೇ ನೋಡುತ್ತಿದ್ದ. ಗಾಳಿಗೆ ತಲೆವಸ್ತ್ರದ ತುದಿ ಪಟಪಟ ಬಡಿದುಕೊಳ್ಳುತ್ತಿತ್ತು.

ಇಪ್ಪತ್ತಮೂರನೆಯ ಫೋಟೊ ಬಂತು ನೋಡಿ. ಏಣು ಎಡದಿಂದ ಹತ್ತಿ ಬಲಕ್ಕೆ ಇಳಿಯುತ್ತಿತ್ತು. ಬಿಳುಪು ಬಿಳುಪಾಗಿ, ಮರಳು ಮರಳಾಗಿ, ಹಿಮ ಕಚ್ಚಿದ ಒಂದು ಝಾವಿನ ಪೊದೆ ಗಾಜಿನಲ್ಲಿ ಮಾಡಿದ್ದೋ ಅನ್ನುವ ಹಾಗೆ ನಿಂತಿತ್ತು. ಆದರೂ ಏನೋ ಕೊರತೆ, ಕಣ್ಣಿಗೆ ಕೂರಲು ಜಾಗವಿಲ್ಲ. ಎರಡು ಹೆಜ್ಜೆ ಪಕ್ಕಕ್ಕೆ ಸರಿದಾಗ ಮುಂದಿನ ಹಿಮದ ಮೇಲೆ ಒಂದು ಕರಿ ಚುಕ್ಕೆ ಕಂಡಿತು. ಕುರಿಯ ಹಿಕ್ಕೆಯೋ, ಸತ್ತ ಜೀರುಂಡೆಯೋ ಇರಬೇಕು. ಅದನ್ನು ಚೌಕಟ್ಟಿನ ಕೆಳಮೂಲೆಗೆ ತಂದಳು. ತಂದದ್ದೇ ತಡ, ಇಡೀ ಬೆಳಗು ಆ ಚುಕ್ಕೆಯ ಸುತ್ತ ಬಂದು ಕೂತಿತು. ಅವಳು ಉಸಿರು ಬಿಗಿಹಿಡಿದು ಒತ್ತಿದಳು. ಆಮೇಲೆ ಐವತ್ತೊಂದು ವರ್ಷದ ಹೆಂಗಸು ಹಿಮದ ಮೇಲೆ ಮೊಣಕಾಲೂರಿ ಒಬ್ಬಳೇ ನಕ್ಕಳು.

ಮನೆಗೆ ಬಂದು ಒಲೆ ಹಚ್ಚಿ, ಹಿಮ ಕರಗಿಸಿ ಚಹಾಕ್ಕೆ ಇಟ್ಟು, ಅಭ್ಯಾಸಬಲದಿಂದ ತಲೆವಸ್ತ್ರದ ತುದಿ ಮುಟ್ಟಿ ನೋಡಿದಳು. ತುದಿ ಮೆತ್ತಗಿತ್ತು. ಇನ್ನೊಂದು ತುದಿ, ಮತ್ತೊಂದು, ನಾಲ್ಕನೆಯದು. ಯಾವುದರಲ್ಲೂ ಗಂಟಿರಲಿಲ್ಲ.

ಹಾಸಿಗೆ ಕೊಡವಿದಳು, ಕೋಟಿನ ಜೇಬು ಹೊರಗೆಳೆದಳು, ಬೂಟಿನೊಳಗೆ ಕೈ ಹಾಕಿದಳು. ಇನ್ನೂರು ಹೆಂಗಸರು. ನೂರಿಯಾಳ ನಾದಿನಿ ಸಫೀಯಾ, ಬರುವ ವಸಂತಕ್ಕೆ ಮದುವೆ ಇರುವವಳು, ಬರಿಯ ತೋಳಿನಲ್ಲಿ, ಸೊಂಟದವರೆಗಿನ ಕೂದಲು ಬಿಚ್ಚಿ ಕುಣಿದದ್ದು ಆ ಕಾರ್ಡಿನಲ್ಲಿದೆ. ಪೊಲೀಸನ ಹೆಂಡತಿ, ಇಮಾಮರ ಇಬ್ಬರು ಸೊಸೆಯರು, ಶಾಲೆಯ ಟೀಚರುಗಳು. ಒಬ್ಬ ಗಂಡಸು ಅದನ್ನು ಎತ್ತಿಕೊಂಡು ಮೊಬೈಲಿಗೆ ಸಿಕ್ಕಿಸಿದರೆ ಸಾಕು, ಸಂಜೆಯೊಳಗೆ ಎಷ್ಟು ಮನೆ ಹೊತ್ತಿ ಉರಿಯುತ್ತದೋ. ಒಲೆಯ ಮೇಲೆ ಚಹಾ ಉಕ್ಕುತ್ತಿರಲು, ಕೊರಳಲ್ಲೇ ಇದ್ದ ಕ್ಯಾಮೆರಾದೊಂದಿಗೆ ಮೀಮೂನಾ ಓಡಿದಳು.

ಹೊಳೆ ದಾಟಿ ತಲೆ ಎತ್ತಿದರೆ ಅರ್ಧ ಊರು ದಿಬ್ಬದ ಮೇಲಿತ್ತು. ಪ್ಲಾಸ್ಟಿಕ್ ತೊಟ್ಟಿ, ಕುಸ್ಕುಸ್ ತಟ್ಟೆ, ಹಳೆಯ ಬಾಗಿಲ ಹಲಗೆ, ಸಿಕ್ಕಿದ್ದರ ಮೇಲೆಲ್ಲ ಕೂತು ಜನ ಜಾರುತ್ತಿದ್ದರು. ಗಂಡಸರು ಉಣ್ಣೆಯ ನಿಲುವಂಗಿ ಕಶಾಬಿಯಾದ ಟೋಪಿ ಎಳೆದುಕೊಂಡು ಮೊಬೈಲು ಎತ್ತಿ ಹಿಡಿದಿದ್ದರು. ಬಿಸಿಲು ಬಿದ್ದ ಮೈಯಲ್ಲಿ ಹಿಮ ಕರಗತೊಡಗಿತ್ತು. ಅವಳ ಬೆಳಗಿನ ಹೆಜ್ಜೆಗುರುತು ಒಂದೂ ಉಳಿದಿರಲಿಲ್ಲ.

ಅವಳು ಬಾಗಿ ಹುಡುಕತೊಡಗಿದಳು. ಬಾಗಿದ ಹೆಂಗಸನ್ನು ಕಂಡು ಸುಮ್ಮನೆ ಹೋಗುವ ಊರೇ ನಮ್ಮದು? ಟ್ಯಾಕ್ಸಿಯ ಕದ್ದೂರ್ ಬಂದ. ಒಳ್ಳೆಯ ಮನುಷ್ಯ, ಅದೇ ತೊಂದರೆ. ದಿನಕ್ಕೊಂದು ಉಪಕಾರ ಮಾಡದಿದ್ದರೆ ಅವನಿಗೆ ಊಟ ಸೇರುವುದಿಲ್ಲ. ಏನು ಕಳೆದುಕೊಂಡೆ ಅಕ್ಕಾ ಅಂತ ಕೇಳಿದ. ಬಾಯಿಗೆ ಬಂದದ್ದು ಕಿವಿಯೋಲೆ. ಚಿನ್ನದ್ದಾ ಅಂದ. ನಮ್ಮಮ್ಮನದ್ದು ಅಂದುಬಿಟ್ಟಳು. ಹೇಳಿದ ಕ್ಷಣವೇ ನಾಲಿಗೆ ಕಚ್ಚಿಕೊಂಡಳು. ಕದ್ದೂರ್ ಆಗಲೇ ಎರಡು ಕೈ ಬಾಯಿಗೆ ಹಿಡಿದು ಇಡೀ ದಿಬ್ಬಕ್ಕೆ ಕೇಳುವ ಹಾಗೆ ಕೂಗಿದ್ದ.

"ಬನ್ರಪ್ಪಾ, ಮೀಮೂನಕ್ಕನ ಅಮ್ಮನ ಓಲೆ ಬಿದ್ದೋಗಿದೆ. ಸಾಲಾಗಿ ನಿಂತ್ಕೊಳ್ಳಿ, ಒಂದು ಹಿಡಿ ಹಿಮಾನೂ ಬಿಡಬೇಡಿ."

ಇಪ್ಪತ್ತು ಮೂವತ್ತು ಗಂಡಸರು ತಟ್ಟೆ, ತೊಟ್ಟಿ ಬಿಟ್ಟು ಬಂದರು. ಕೈಗವಸು ಬಿಚ್ಚಿ, ಮೊಣಕಾಲೂರಿ, ಹಿಮ ಜಾಲಿಸತೊಡಗಿದರು. ಅವಳ ಹತ್ತಿರ ಫೋಟೊ ತೆಗೆಸಿಕೊಂಡ ಹೆಂಗಸರ ಗಂಡಂದಿರು, ಅಣ್ಣತಮ್ಮಂದಿರು, ಮಾವಂದಿರು. ಯಾವುದು ಯಾರ ಕಣ್ಣಿಗೂ ಬೀಳಬಾರದೋ ಅದನ್ನೇ ಹುಡುಕಲು ಊರಿನ ಗಂಡಸರನ್ನೆಲ್ಲ ತಾನೇ ಸಾಲು ನಿಲ್ಲಿಸಿದ ಹಾಗಾಯಿತು. ಒಬ್ಬ ಏನೋ ಎತ್ತಿ ಬಿಸಿಲಿಗೆ ಹಿಡಿದು ನೋಡಿದ. ಮೀಮೂನಾ ಅವನ ಬಳಿಗೆ ಓಡಿದಳು. ಬಾಟಲಿಯ ಮುಚ್ಚಳ ಅದು.

ಅವಳು ಧೈರ್ಯ ತಂದುಕೊಂಡು, ಇಲ್ಲಿ ಅಲ್ಲಪ್ಪಾ, ಆ ಆಚೆಯ ದಿಬ್ಬದಲ್ಲಿ ಇರಬೇಕು, ನೀರಿನ ಟ್ಯಾಂಕಿನ ಕಡೆ ಎಂದು ಕೈ ತೋರಿಸಿದಳು. ಪಾಪ, ನಂಬಿದರು. ಸಾಲಿಗೆ ಸಾಲೇ ಎದ್ದು ಆ ಕಡೆ ಹೋಯಿತು. ನಂಬಿಕೆಯಿಂದಲೇ ಬದುಕಿದವಳು ಒಂದೇ ಬೆಳಗಿನಲ್ಲಿ ಎರಡು ಸುಳ್ಳು ಹೇಳಿದ್ದಳು.

ಈಗ ಸಿಕ್ಕ ಹೊತ್ತನ್ನು ಹೇಗೆ ಬಳಸುವುದು? ಬರಿಗಣ್ಣಿನಲ್ಲಿ ಹುಡುಕಿದರೆ ಹುಲ್ಲಿನ ಬಣವೆಯಲ್ಲಿ ಸೂಜಿ. ಎಲ್ಲೆಲ್ಲಿ ನಿಂತಿದ್ದೆ ಅಂತ ನೆನಪಾಗದೆ ಅವಳು ಕೋಟಿನ ಮರೆಯಲ್ಲಿ ಕ್ಯಾಮೆರಾ ತೆರೆದು ಬೆಳಗಿನ ಫೋಟೊಗಳನ್ನು ಒಂದೊಂದಾಗಿ ನೋಡತೊಡಗಿದಳು. ಇಪ್ಪತ್ತಮೂರಕ್ಕೆ ಬಂದಳು. ಆ ಅವಸ್ಥೆಯಲ್ಲೂ ಕಣ್ಣು ಒಂದು ಗಳಿಗೆ ಅದರ ಮೇಲೆ ನಿಂತಿತು, ಪಾಪಿ ಕಣ್ಣು. ಆಮೇಲೆ ಚುಕ್ಕೆಯನ್ನು ನೋಡಿದಳು. ಗುಂಡಿ ಒತ್ತಿ ಹಿಗ್ಗಿಸಿದಳು, ಇನ್ನೂ ಹಿಗ್ಗಿಸಿದಳು. ಜೀರುಂಡೆಗೆ ಮೂಲೆ ಇರುವುದಿಲ್ಲ. ಇದಕ್ಕೆ ನಾಲ್ಕು ಮೂಲೆಗಳಿದ್ದವು, ಒಂದು ಮೂಲೆ ಓರೆಯಾಗಿ ಕತ್ತರಿಸಿದ ಹಾಗಿತ್ತು.

ಬಿದ್ದಿದ್ದ ಕಾರ್ಡನ್ನು ಅವಳು ಕಣ್ಣಾರೆ ನೋಡಿದ್ದಳು. ನೋಡಿ, ಹಿಗ್ಗಿ, ಚೌಕಟ್ಟಿನಲ್ಲಿ ಅದಕ್ಕೆ ಜಾಗ ಮಾಡಿ, ಅದರ ಅಂದವನ್ನು ಹಿಡಿದು, ಅಲ್ಲೇ ಬಿಟ್ಟು ಬಂದಿದ್ದಳು.

ಅಳಲು ಹೊತ್ತಿರಲಿಲ್ಲ. ಫೋಟೊದಲ್ಲಿ ಝಾವಿನ ಪೊದೆಯ ತುದಿ ದೂರದ ಬೆಟ್ಟದ ಸೀಳಿಗೆ ಸರಿಯಾಗಿ ತಾಗಿತ್ತು. ಅವಳು ಕ್ಯಾಮೆರಾ ಹಿಡಿದು ಹಿಂದೆ ಸರಿದಳು, ಎಡಕ್ಕೆ, ಇನ್ನೂ ಎಡಕ್ಕೆ, ಪೊದೆ ಸೀಳಿಗೆ ತಾಗುವ ತನಕ. ಅಲ್ಲಿಂದ ಮುಂದಕ್ಕೆ ನಾಲ್ಕು ಹೆಜ್ಜೆ. ಅಲ್ಲಿ ಹಿಮ ಇರಲಿಲ್ಲ, ಹಸಿ ಮರಳು, ಅದರ ಮೇಲೆ ಒಂದು ದೊಡ್ಡ ಬೂಟಿನ ಗುರುತು. ಗುರುತಿನೊಳಗೆ ಬೆರಳು ಹಾಕಿ ಕೆದಕಿದಳು. ಹಿಮ್ಮಡಿಯ ಜಾಗದಲ್ಲಿ, ಒಂದು ಅಂಗುಲ ಆಳದಲ್ಲಿ, ಕಾರ್ಡು ಸಿಕ್ಕಿತು.

ಒರೆಸಿ, ಅಂಗಿಯೊಳಗೆ ಎದೆಗೆ ಒತ್ತಿಟ್ಟು ಒಣಗಿಸಿ, ಉಸಿರು ಹಿಡಿದು ಕ್ಯಾಮೆರಾಗೆ ಹಾಕಿದಳು. ನೂರಿಯಾ ಕಿರೀಟ ಇಟ್ಟುಕೊಂಡು ನಗುತ್ತಿದ್ದಳು. ಇನ್ನೂರು ಹೆಂಗಸರೂ ಇದ್ದ ಹಾಗೇ ಇದ್ದರು. ಆಚೆಯ ದಿಬ್ಬದಿಂದ ಕದ್ದೂರ್ ಕೈ ಬೀಸಿ, ಇನ್ನೂ ಸಿಕ್ಕಿಲ್ಲ ಎಂದು ಸನ್ನೆ ಮಾಡಿದ. ಅವಳು ಸಿಕ್ಕಿತು ಎಂದು ಸನ್ನೆ ಮಾಡಿದಳು. ಆ ಬಡಪಾಯಿಗಳೆಲ್ಲ ಚಪ್ಪಾಳೆ ತಟ್ಟಿದರು.

ಇಲ್ಲಿಗೆ ಮುಗಿಯಬಹುದಿತ್ತು. ಯಾರೂ ನೋಡಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಯಾರ ಮನೆಯ ದೀಪವೂ ಆರುವುದಿಲ್ಲ. ಹೊಳೆ ದಾಟುವಾಗ ಮೀಮೂನಾ ತನಗೆ ತಾನೇ ಇದನ್ನು ಹತ್ತು ಸಲ ಹೇಳಿಕೊಂಡಳು. ಬೂಟು ಹಾಕಿದವನು ತುಳಿದು ಹೋದ, ಅಷ್ಟೇ. ಆದರೆ ತುಳಿಯುವ ಮುಂಚೆ? ಎತ್ತಿ, ಮೊಬೈಲಿಗೆ ಹಾಕಿ, ನೋಡಿ, ಹೆದರಿ ಬಿಸಾಕಿರಬಹುದಲ್ಲ? ಇಲ್ಲ ಅಂತ ಯಾರ ತಲೆ ಮುಟ್ಟಿ ಆಣೆ ಮಾಡುವುದು?

ಹಾಜ್ಜಾ ಬಖ್ತಾ ಅವಳನ್ನು ಅಡುಗೆಮನೆಗೆ ಕರೆದು ಬಾಗಿಲು ಮುಚ್ಚಿದಳು. ಒಲೆಯ ಮೇಲೆ ಸಂಜೆಯ ಕೂಟಕ್ಕೆ ಗೋಧಿ ರವೆಯ ಕುಸ್ಕುಸ್ ಬೇಯುತ್ತಿತ್ತು. ಮದುವೆಯ ಮರುದಿನ ಎರಡೂ ಕಡೆಯ ಹೆಂಗಸರು ಸೇರಿ ಮದುಮಗಳನ್ನು ನೋಡುವುದು ನಮ್ಮ ರೂಢಿ. ಬಖ್ತಾ ಹಿಟ್ಟಾದ ಕೈ ತೊಳೆದು, ಒರೆಸಿ, ಬಲಗೈ ಚಾಚಿದಳು. ಮೀಮೂನಾ ಗಂಟು ಬಿಚ್ಚಿ ಕಾರ್ಡನ್ನು ಆ ಅಂಗೈಯಲ್ಲಿ ಇಟ್ಟಳು.

"ನನ್ನ ಕೈ, ನಿನ್ನ ಕೈ," ಅಂದಳು. ಮುಂದಿನ ಮಾತು ಬರಲಿಲ್ಲ.

ಬಖ್ತಾ ಕಾದಳು. ಸಾವಿರ ಸಲ ಹೇಳಿದ ಮಾತನ್ನು ಹೇಳಲಾರದೆ ನಿಂತವಳ ಮುಖ ನೋಡಿದಳು. ನೋಡುತ್ತ ನೋಡುತ್ತ ಅವಳದೇ ಮುಖದ ಬಣ್ಣ ಇಳಿಯಿತು.

"ಹೇಳಿ ಮುಗಿಸೇ."

"ನಡುವೆ ಹಿಮ ಇತ್ತು ಹಾಜ್ಜಾ," ಅಂದಳು ಮೀಮೂನಾ. "ಎರಡು ಗಂಟೆ ದಿಬ್ಬದ ಮೇಲೆ ಬಿದ್ದಿತ್ತು. ಜನ ಓಡಾಡ್ತಿದ್ರು."

ಬಖ್ತಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಯಾಕೆ ಹೋಗಿದ್ದೆ, ಎಲ್ಲಿ ಬಿತ್ತು, ಯಾರ್ಯಾರು ಇದ್ದರು, ಒಂದೊಂದನ್ನೂ ಪೊಲೀಸರ ಹಾಗೆ ತಗ್ಗಿದ ದನಿಯಲ್ಲಿ ಕೇಳಿ ತಿಳಿದುಕೊಂಡಳು. ಫೋಟೊ ತೆಗೆಯಲು ಹೋಗಿದ್ದೆ ಅಂದಾಗ, ಯಾರ ಮದುವೆ ಇತ್ತು ದಿಬ್ಬದ ಮೇಲೆ ಅಂದಳು. ಯಾರದ್ದೂ ಅಲ್ಲ, ನನಗೇ ಅಂತ ಒಂದು ಬೇಕಿತ್ತು ಅಂದಳು ಮೀಮೂನಾ. ಬಖ್ತಾ ಒಲೆಯ ಉರಿ ತಗ್ಗಿಸಿದಳು.

"ನೀ ಹೇಳದೇ ಇದ್ದಿದ್ರೆ ನಂಗೆ ಗೊತ್ತಾಗ್ತಿರಲಿಲ್ಲ."

"ಹೂಂ."

"ಹೇಳಿ ನನ್ನ ತಲೆ ಮೇಲೆ ಹಾಕಿದೆ. ನಾನು ಹೊರಲ್ಲ. ಮೂರು ಗಂಟೆಗೆ ಎಲ್ರೂ ಬರ್ತಾರೆ. ಅವರ ಮಾನ ಅದು, ಅವರ ಮುಂದೆ ನೀನೇ ಹೇಳು."

ಮೂರು ಗಂಟೆಗೆ ನಾವು ನಲವತ್ತು ಹೆಂಗಸರು ಸೇರಿದೆವು. ಹಿಂದಿನ ದಿನದ ಇನ್ನೂರರಲ್ಲಿ ಹತ್ತಿರದವರು ಇಷ್ಟೇ. ಬುಟ್ಟಿ ತುಂಬಿತು, ಬಾಗಿಲು ಮುಚ್ಚಿತು, ನಗು ಕೇಕೆಯೊಂದಿಗೆ ತಲೆವಸ್ತ್ರಗಳು ಬಿಚ್ಚಿಕೊಳ್ಳತೊಡಗಿದ್ದವು. ಮೀಮೂನಾ ಕೋಣೆಯ ನಡುವೆ ನಿಂತು, ಬಿಚ್ಚಬೇಡಿ, ಮೊದಲು ನನ್ನ ಮಾತು ಕೇಳಿ ಅಂದಳು. ಗಂಟು ಹಾಕಿದ್ದರಿಂದ ಹಿಡಿದು ಬೂಟಿನ ಗುರುತಿನವರೆಗೆ ಎಲ್ಲ ಹೇಳಿದಳು. ಕಿವಿಯೋಲೆಯ ಸುಳ್ಳನ್ನೂ ಬಿಡಲಿಲ್ಲ. ಅರ್ಧ ಬಿಚ್ಚಿದ್ದ ತಲೆವಸ್ತ್ರಗಳು ಒಂದೊಂದಾಗಿ ಮತ್ತೆ ತಲೆಗೆ ಏರಿದವು.

ಮೂಲೆಯ ದಿಂಬಿಗೆ ಒರಗಿ ಗಂಡಿನ ಅಜ್ಜಿ, ಎಲ್ಲರೂ ಗೌರವದಿಂದ ಲಾಲ್ಲಾ ಅನ್ನುವ ಯಾಮ್ನಾ, ಕೂತಿದ್ದಳು. ಎಂಬತ್ತು ದಾಟಿದ ಹೆಂಗಸು, ನಾಲಿಗೆಯಲ್ಲಿ ಮೂಳೆ ಇಲ್ಲದಿದ್ದರೂ ಎದುರಿನವರ ಮೂಳೆ ಮುರಿಯಬಲ್ಲವಳು. ಅವಳು ಕೈ ನೀಡಿದಳು.

"ನಮ್ಮನ್ನೆಲ್ಲ ಬೀಳಿಸಿ ತೆಗೆದದ್ದು ಏನದು? ತೋರಿಸು ನೋಡೋಣ."

ಮೀಮೂನಾ ಕ್ಯಾಮೆರಾ ಕೊಟ್ಟಳು. ಮುದುಕಿ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

"ಈ ಚುಕ್ಕೆ ನಾವಾ?"

"ಹೌದು ಲಾಲ್ಲಾ."

"ಅಷ್ಟು ಜನ ಸೇರಿ ಇಷ್ಟೇನಾ ನಾವು." ಚುಕ್ಕೆಯ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿ ನೋಡಿದಳು, ತೆಗೆದು ನೋಡಿದಳು. "ನಾವಿಲ್ದಿದ್ರೆ ಬರೀ ಮರಳು." ಮತ್ತೆ ಸ್ವಲ್ಪ ಹೊತ್ತು ನೋಡಿದಳು. "ಚೆನ್ನಾಗಿದೆ. ಇಷ್ಟು ಚೆನ್ನಾಗಿರಬಾರದಿತ್ತು."

ಕ್ಯಾಮೆರಾ ಕೈಯಿಂದ ಕೈಗೆ ಹೋಯಿತು. ಕೋಪ ಮಾಡಿಕೊಂಡವರೂ ನೋಡಿದರು. ಕೊನೆಗೆ ಅದು ಸಫೀಯಾಳ ಕೈಗೆ ಬಂತು. ಅವಳ ಕಣ್ಣು ಕೆಂಪಗಿದ್ದವು. ಅವಳು ಫೋಟೊವನ್ನಲ್ಲ, ಮೀಮೂನಾಳನ್ನು ನೋಡಿದಳು.

"ನನ್ನ ಮದುವೆ ನಿಂತುಹೋದ್ರೆ ಇದನ್ನ ಕಟ್ಟು ಹಾಕ್ಸಿ ಗೋಡೆಗೆ ನೇತು ಹಾಕ್ತೀಯಾ ಖಾಲ್ತಿ? ಬಂದೋರು ಆ ಚುಕ್ಕೆ ಏನು ಅಂತ ಕೇಳಿದ್ರೆ ಏನಂತೀಯಾ?"

ತಾಯಿಯ ವಯಸ್ಸಿನವಳನ್ನು ವಾಡಿಕೆಯಂತೆ ಚಿಕ್ಕಮ್ಮ ಎಂದೇ ಕರೆದಿದ್ದಳು ಹುಡುಗಿ, ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಮೀಮೂನಾ ಕ್ಯಾಮೆರಾ ವಾಪಸು ಇಸಿದುಕೊಂಡಳು. ಚುಕ್ಕೆಯನ್ನು ಕತ್ತರಿಸಿದರೆ ಫೋಟೊ ಇಲ್ಲ, ಇಟ್ಟುಕೊಂಡರೆ ಈ ಹುಡುಗಿಗೆ ಉತ್ತರವಿಲ್ಲ. ಪರದೆಯನ್ನು ಸಫೀಯಾಳಿಗೆ ಕಾಣುವ ಹಾಗೆ ತಿರುಗಿಸಿ ಅಳಿಸುವ ಗುಂಡಿ ಒತ್ತಿದಳು. ಖಚಿತವೇ ಎಂದು ಕ್ಯಾಮೆರಾ ಕೇಳಿತು. ಅವಳ ಬೆರಳು ಅಲ್ಲಿ ನಿಂತಿತು. ಎಷ್ಟು ಹೊತ್ತು ನಿಂತಿತು ಎಂದು ನಮಗ್ಯಾರಿಗೂ ಹೇಳಲಾಗುವುದಿಲ್ಲ. ಯಾರಾದರೂ ಬೇಡ ಅನ್ನಲಿ ಎಂದು ಅವಳು ಕಾದಳೋ ಏನೋ. ಯಾರೂ ಅನ್ನಲಿಲ್ಲ. ಅವಳು ಒತ್ತಿದಳು.

ಪರದೆಯ ಮೇಲೆ ಇಪ್ಪತ್ತೆರಡನೆಯದು ಬಂತು, ಕಣ್ಣಿಗೆ ಕೂರಲು ಜಾಗವಿಲ್ಲದ ಫೋಟೊ. ಮೀಮೂನಾ ಅಷ್ಟು ವರ್ಷದಲ್ಲಿ ಮೊದಲ ಸಲ ನಮ್ಮೆದುರು ಅತ್ತಳು. ಮುಖ ಮುಚ್ಚಿಕೊಳ್ಳಲಿಲ್ಲ.

ಆಗ ಲಾಲ್ಲಾ ಯಾಮ್ನಾ ದಿಂಬಿನಿಂದ ಮೈ ಎತ್ತಿ ನೆಟ್ಟಗೆ ಕೂತಳು. ಗಲ್ಲದ ಕೆಳಗಿನ ಪಿನ್ನು ತೆಗೆದು, ತಲೆವಸ್ತ್ರ ಬಿಚ್ಚಿ, ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡಳು. ಗೋರಂಟಿ ಹಚ್ಚಿದ ತೆಳು ಕೂದಲು ಹೊರಬಂತು.

"ಅತ್ತದ್ದು ಸಾಕು. ನನ್ನದು ತೆಗಿ. ಬೇರೆಯವರದ್ದು ಅವರವರ ಇಷ್ಟ."

ಮೀಮೂನಾ ಮೂಗು ಒರೆಸಿಕೊಂಡು, ಬಖ್ತಾ ಕೊಟ್ಟ ಮದುವೆಯ ಕಾರ್ಡನ್ನು ಮತ್ತೆ ಕ್ಯಾಮೆರಾಗೆ ಹಾಕಿದಳು. ಮುದುಕಿಯದು ಮೂರು ಸಲ ತೆಗೆದಳು. ಯಾಮ್ನಾಳ ಆಮೇಲೆ ನೂರಿಯಾ ಬಿಚ್ಚಿದಳು, ಅವಳ ಹಿಂದೆ ಇಮಾಮರ ಕಿರಿಯ ಸೊಸೆ, ಆಮೇಲೆ ಒಬ್ಬೊಬ್ಬರೇ ಇನ್ನಷ್ಟು ಜನ. ಹೊತ್ತು ಮುಳುಗುವ ತನಕ ಬಿಚ್ಚಿದವರು ಹನ್ನೊಂದು ಮಂದಿ. ಉಳಿದವರು ತಲೆ ಮುಚ್ಚಿಕೊಂಡೇ ಕೂತು, ಉಂಡು, ಎದ್ದು ಹೋದರು. ಸಫೀಯಾ ಊಟಕ್ಕೂ ನಿಲ್ಲಲಿಲ್ಲ.

ಆ ವಸಂತದಲ್ಲಿ ಸಫೀಯಾಳ ಮದುವೆ ನಡೆಯಿತು, ಬೆಶಾರಿನಲ್ಲಿ, ಒಂದು ಫೋಟೊವೂ ಇಲ್ಲದೆ. ನಮ್ಮಲ್ಲಿ ಈಗಲೂ ಮದುವೆಗೆ ಮೀಮೂನಾಳೇ ಬರುತ್ತಾಳೆ. ಕೋಣೆಗೆ ಕಾಲಿಟ್ಟೊಡನೆ ಮೊದಲು ಎಣಿಸುವುದು ತನ್ನ ಕಣ್ಣೆದುರು ಎಷ್ಟು ತಲೆವಸ್ತ್ರ ಬಿಚ್ಚಿಕೊಂಡಿವೆ ಎಂದು. ಎಣಿಸಿ ಮುಗಿದ ಮೇಲೆಯೇ ಕ್ಯಾಮೆರಾ ಹೊರಗೆ ತೆಗೆಯುತ್ತಾಳೆ.